ಎಡಿನ್‌ಬರಾ ಟ್ರಾಮ್: ನಕ್ಷೆ ಮುಗಿಯುವ ಮೊದಲೇ ಬಿದ್ದ ಸಹಿ

ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರಾದಲ್ಲಿ ಟ್ರಾಮ್ ಕಟ್ಟಲು ಎತ್ತಿಟ್ಟಿದ್ದ ಹಣ 54.5 ಕೋಟಿ ಪೌಂಡ್. ಆ ಹಣದಲ್ಲಿ ವಿಮಾನ ನಿಲ್ದಾಣದಿಂದ ಹೊರಟು, ಊರಿನ ನಡುವೆ ಹಾದು, ಲೀತ್ ದಾಟಿ, ಸಮುದ್ರದಂಡೆಯ ನ್ಯೂಹೇವನ್ ತನಕ 18.5 ಕಿ.ಮೀ. ಹಳಿ ಬರಬೇಕಿತ್ತು. 2011ರಲ್ಲಿ ಟ್ರಾಮ್ ಓಡಬೇಕಿತ್ತು. ಓಡಿದ್ದು 2014ರ ಮೇ 31ರಂದು. ಹಳಿ ಬಂದದ್ದು 14 ಕಿ.ಮೀ. ಮಾತ್ರ. ಊರಿನ ನಡುವಿನ ಯಾರ್ಕ್ ಪ್ಲೇಸ್‌ನಲ್ಲೇ ಅದು ನಿಂತುಬಿಟ್ಟಿತು. ನಗರ ಕೌನ್ಸಿಲ್ ಹೇಳಿದ ಖರ್ಚು 77.6 ಕೋಟಿ ಪೌಂಡ್. ಆಮೇಲೆ ವಿಚಾರಣೆ ನಡೆಸಿದ ಲಾರ್ಡ್ ಹಾರ್ಡಿ 2023ರಲ್ಲಿ ಕೊಟ್ಟ ಲೆಕ್ಕ ಇನ್ನೂ ಜಾಸ್ತಿ: 83.57 ಕೋಟಿ.

ಅಂದಾಜು ಮೀರಿದ ರೈಲು ಯೋಜನೆಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಆದರೂ ಎಡಿನ್‌ಬರಾವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಅದೇ ಊರು, ಅದೇ ಕೌನ್ಸಿಲ್, ಕೆಲವು ವರ್ಷಗಳ ನಂತರ ಅದೇ ಮಾರ್ಗದ ಉಳಿದ ತುಂಡನ್ನು ಕೈಗೆತ್ತಿಕೊಂಡಿತು. ಹೇಳಿದ ಹಣದಲ್ಲೇ ಮುಗಿಸಿತು. ಎರಡೂ ಸಲದ ಕಾಗದಪತ್ರ ಸಾರ್ವಜನಿಕವಾಗಿದೆ. ಒಂದೇ ಊರಿನ ಎರಡು ಪ್ರಯತ್ನಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಸುಲಭಕ್ಕೆ ಸಿಗುವುದಿಲ್ಲ. ಹಾಗೆ ನೋಡಿದಾಗ ನನಗೆ ಕಾಣುವ ಮುಖ್ಯ ವಿಷಯ ಇದು: ಮೊದಲ ಸಲ ಏನು ಕಟ್ಟಬೇಕು ಎಂದು ಪೂರ್ತಿ ಗೊತ್ತಾಗುವ ಮೊದಲೇ ಬೆಲೆಗೆ ಸಹಿ ಹಾಕಿದರು. ಉಳಿದ ಕಷ್ಟಗಳಲ್ಲಿ ಬಹುಪಾಲು ಅಲ್ಲಿಂದಲೇ ಹುಟ್ಟಿದವು.

ಹಣ ಎಲ್ಲಿಂದ ಬಂತು

ಎಡಿನ್‌ಬರಾದ ಹಳೆಯ ಟ್ರಾಮ್‌ಗಳು 1956ರ ನವೆಂಬರ್ 16ಕ್ಕೆ ನಿಂತವು. ಆಮೇಲೆ ಅದು ಬಸ್ಸಿನ ಊರು. ಬಹುಪಾಲು ಕೌನ್ಸಿಲ್ಲಿನದೇ ಒಡೆತನದ ಲೋಥಿಯನ್ ಬಸ್ ಕಂಪನಿಗೆ ಅಲ್ಲಿ ಒಳ್ಳೆಯ ಹೆಸರಿದೆ. ಆದರೆ ಊರು ಪಶ್ಚಿಮಕ್ಕೆ ಬೆಳೆಯುತ್ತಿತ್ತು. ಉತ್ತರದ ಲೀತ್ ಮತ್ತು ಗ್ರ್ಯಾಂಟನ್ ಬಂದರು ಪ್ರದೇಶಗಳಲ್ಲಿ ಸಾವಿರಾರು ಹೊಸ ಮನೆ ಬರುವ ನಿರೀಕ್ಷೆ ಇತ್ತು. 2002ರಲ್ಲಿ ಕೌನ್ಸಿಲ್ 'ಟೈ' ಎಂಬ ಹೆಸರಿನ ತನ್ನದೇ ಕಂಪನಿ ಮಾಡಿ ಟ್ರಾಮ್ ಕೆಲಸವನ್ನು ಅದಕ್ಕೆ ಒಪ್ಪಿಸಿತು. ಮರುವರ್ಷ ಸ್ಕಾಟಿಷ್ ಸರ್ಕಾರ 37.5 ಕೋಟಿ ಪೌಂಡ್ ಕೊಡುವುದಾಗಿ ತಾತ್ವಿಕವಾಗಿ ಒಪ್ಪಿತು.

ಆಗ ಯೋಚನೆಯಲ್ಲಿದ್ದದ್ದು ಮೂರು ಮಾರ್ಗ. ಉತ್ತರದಲ್ಲಿ ಲೀತ್ ಮತ್ತು ಗ್ರ್ಯಾಂಟನ್ ಸುತ್ತಿ ಬರುವ ಒಂದು ವರ್ತುಲ, ಪಶ್ಚಿಮದ ವಿಮಾನ ನಿಲ್ದಾಣಕ್ಕೆ ಇನ್ನೊಂದು, ಆಗ್ನೇಯ ದಿಕ್ಕಿಗೆ ಮೂರನೆಯದು. ಮೂರಕ್ಕೂ ಸರ್ಕಾರದ ಅನುದಾನ ಸಾಲದು. ಉಳಿದ ಹಣಕ್ಕೆ ದಟ್ಟಣೆ ಶುಲ್ಕದ ಯೋಜನೆ ಬಂತು. ಊರಿನ ಸುತ್ತ ಎರಡು ಗಡಿ ಎಳೆದು, ಅದನ್ನು ದಾಟುವ ಕಾರಿಗೆ ದಿನಕ್ಕೆ 2 ಪೌಂಡ್ ಹಾಕುವುದು. ಕೌನ್ಸಿಲ್ ಇದನ್ನು ಜನರ ಮುಂದಿಟ್ಟಿತು. 2005ರ ಫೆಬ್ರವರಿಯಲ್ಲಿ ನಡೆದ ಜನಮತದಲ್ಲಿ ನಾಲ್ವರಲ್ಲಿ ಮೂವರು ಬೇಡ ಎಂದರು. ಮೂರನೇ ಮಾರ್ಗ ಅಲ್ಲಿಗೇ ಕೈಬಿಟ್ಟುಹೋಯಿತು.

ಇದನ್ನು ಜನರ ಅವಿವೇಕ ಎಂದು ತಳ್ಳಿಹಾಕುವುದು ಸರಿಯಲ್ಲ. ಶುಲ್ಕ ಮೊದಲು ಕಟ್ಟಬೇಕು, ಟ್ರಾಮ್ ಎಷ್ಟೋ ವರ್ಷದ ಮೇಲೆ ಬರುತ್ತದೆ. ಇಂಥ ಕೊಡುಕೊಳ್ಳುವಿಕೆಗೆ ಜನ ಒಪ್ಪಬೇಕಾದರೆ ಕೇಳುವವರ ಮೇಲೆ ಬಹಳ ನಂಬಿಕೆ ಬೇಕಾಗುತ್ತದೆ, ಅಲ್ವಾ? ಆದರೆ ಫಲಿತಾಂಶದಿಂದ ಒಂದು ವಿಷಯ ಖಚಿತವಾಯಿತು. ಯೋಜನೆಗೆ ತನ್ನದೇ ಆದ ವರಮಾನದ ಮೂಲ ಇರಲಿಲ್ಲ. ಖರ್ಚು ಮೀರಿದರೆ ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ 2005ರಲ್ಲೂ ಉತ್ತರ ಇರಲಿಲ್ಲ, ಆಮೇಲೂ ಬರಲಿಲ್ಲ.

ಉಳಿದ ಎರಡು ಮಾರ್ಗಗಳಿಗೆ 2006ರಲ್ಲಿ ಸ್ಕಾಟಿಷ್ ಸಂಸತ್ತು ಕಾನೂನು ಮಾಡಿತು. ಅಷ್ಟರಲ್ಲಿ ಎರಡನ್ನೂ ಪೂರ್ತಿ ಕಟ್ಟಲು ಹಣ ಸಾಲದು ಎಂದು ಗೊತ್ತಾಗಿತ್ತು. ಹಾಗಾಗಿ ಅವುಗಳಿಂದ ಬೇಕಾದ ತುಂಡುಗಳನ್ನು ಆರಿಸಿಕೊಂಡರು. ವಿಮಾನ ನಿಲ್ದಾಣದಿಂದ ನ್ಯೂಹೇವನ್‌ಗೆ ಹೋಗುವುದು ಮೊದಲ ಹಂತದ 'ಎ', ರೋಸ್‌ಬರ್ನ್ ಮೂಲಕ ಗ್ರ್ಯಾಂಟನ್‌ಗೆ ಹೋಗುವುದು 'ಬಿ'. ಸರ್ಕಾರದ್ದು 50 ಕೋಟಿ, ಕೌನ್ಸಿಲ್ಲಿನದು 4.5 ಕೋಟಿ. ಕೌನ್ಸಿಲ್ ಪಾಲಿಗೆ ಹಣ ಹೊಂದಿಸಿದ ಬಗೆ ಗಮನಿಸಬೇಕು. ಟ್ರಾಮ್ ಮಾರ್ಗದ ಹತ್ತಿರ ಕಟ್ಟಡ ಕಟ್ಟುವ ಬಿಲ್ಡರ್‌ಗಳಿಂದ ವಂತಿಗೆ, ಬಿಟ್ಟುಕೊಟ್ಟ ಜಮೀನಿನ ಬೆಲೆ, ಆಸ್ತಿ ಮಾರಿದ ಹಣ. ಮನೆ ಕಟ್ಟುವ ಭರಾಟೆ ಮುಂದುವರಿದರೆ ಮಾತ್ರ ಈ ಹಣ ಬರುತ್ತದೆ. 2008ರಲ್ಲಿ ಆರ್ಥಿಕ ಕುಸಿತ ಬಂತು. ಲೀತ್ ಬಂದರಿನ ದೊಡ್ಡ ವಸತಿ ಯೋಜನೆಗಳು ನಿಂತವು. ವಂತಿಗೆ ಕೊಡುವವರೂ ಇಲ್ಲ, ಮುಂದೆ ಟ್ರಾಮ್ ಹತ್ತಬೇಕಾದ ನಿವಾಸಿಗಳೂ ಇಲ್ಲ. 2009ರ ಏಪ್ರಿಲ್‌ನಲ್ಲಿ ಗ್ರ್ಯಾಂಟನ್ ತುಂಡನ್ನು ಕೈಬಿಟ್ಟರು.

ಮುನ್ನೆಚ್ಚರಿಕೆ ಕಾಗದದಲ್ಲೇ ಇತ್ತು

ಈ ಪ್ರಕರಣದಲ್ಲಿ ನನ್ನನ್ನು ತುಂಬಾ ಕಾಡುವ ಭಾಗ ಇದು. ದೊಡ್ಡ ಕಾಮಗಾರಿಗಳ ವೆಚ್ಚವನ್ನು ಅಂದಾಜು ಮಾಡುವಾಗ ಯೋಜನೆಯವರು ಯಾವಾಗಲೂ ಆಶಾವಾದದ ಕಡೆಗೆ ವಾಲುತ್ತಾರೆ ಎಂಬುದು ಆ ಹೊತ್ತಿಗೆ ಬ್ರಿಟನ್ನಿನಲ್ಲಿ ಅಧಿಕೃತವಾಗಿ ಒಪ್ಪಿಕೊಂಡ ವಿಷಯ. ಅದಕ್ಕೊಂದು ಮದ್ದನ್ನು ಡೆನ್ಮಾರ್ಕಿನ ವಿದ್ವಾಂಸ ಬೆಂಟ್ ಫ್ಲೂವ್‌ಬಿಯರ್ ಬ್ರಿಟಿಷ್ ಸಾರಿಗೆ ಇಲಾಖೆಗೆ 2004ರಲ್ಲಿ ಕೊಟ್ಟಿದ್ದರು. ವಿಧಾನ ಸರಳ. ನಿಮ್ಮ ಯೋಜನೆಯ ಒಳಗಿನ ವಿವರಗಳನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಇದೇ ಜಾತಿಯ ಹಳೆಯ ಯೋಜನೆಗಳು ತಮ್ಮ ಅಂದಾಜನ್ನು ಎಷ್ಟು ಮೀರಿದವು ಎಂದು ನೋಡಿ. ಅಷ್ಟನ್ನು ನಿಮ್ಮ ಅಂಕಿಗೆ ಸೇರಿಸಿ.

ಈ ವಿಧಾನವನ್ನು ಜಗತ್ತಿನಲ್ಲೇ ಮೊದಲ ಬಾರಿ ಬಳಸಿದ್ದು ಎಲ್ಲಿ ಗೊತ್ತೇ? ಎಡಿನ್‌ಬರಾ ಟ್ರಾಮ್‌ನ ಎರಡನೇ ಮಾರ್ಗಕ್ಕೆ, 2004ರಲ್ಲೇ. ಟೈ ಕಂಪನಿಯ ಮೂಲ ಅಂದಾಜು 25.5 ಕೋಟಿ ಪೌಂಡ್ ಇತ್ತು. ಅನಿರೀಕ್ಷಿತ ಖರ್ಚಿಗೆ ಅಂತ ಕಾಲು ಭಾಗ ಸೇರಿಸಿ ಸುಮಾರು 32 ಕೋಟಿ ಮಾಡಿದ್ದರು. ಪರಿಶೀಲಿಸಿದ ಅರೂಪ್ ಸಂಸ್ಥೆಯ ಲೆಕ್ಕ ಬೇರೆ ಬಂತು. ಹಣ ಸಾಲುವ ಸಾಧ್ಯತೆ ಅರ್ಧಕ್ಕರ್ಧ ಇರಬೇಕಾದರೂ 35.7 ಕೋಟಿ ಬೇಕು. ನೂರಕ್ಕೆ 80ರಷ್ಟು ಭರವಸೆ ಬೇಕಾದರೆ 40 ಕೋಟಿ ಬೇಕು. ಅಂದರೆ ಮೂಲ ಅಂಕಿಯ ಮೇಲೆ ಶೇ. 57 ಸೇರಿಸಬೇಕು.

ಎಚ್ಚರಿಕೆ ಕೊಡುವವರು ಇದ್ದರು. ವಿಧಾನ ಇತ್ತು. ಅಂಕಿಯೂ ಇತ್ತು. ಆದರೆ ಯೋಜನೆ ಮುಂದೆ ಸಾಗಿದ ಹಾಗೆಲ್ಲ ಆ ದೊಡ್ಡ ಅಂಕಿ ಹಿಂದೆ ಸರಿಯಿತು. ಕೆಲಸ ಮುಂದುವರಿದಿದೆ, ವಿವರಗಳು ಗೊತ್ತಾಗಿವೆ, ಆದ್ದರಿಂದ ಮೀಸಲು ಹಣ ಕಡಿಮೆ ಸಾಕು ಎಂಬ ವಾದ ಗೆದ್ದಿತು. ವಿವರಗಳು ನಿಜವಾಗಿ ಗೊತ್ತಾಗಿದ್ದರೆ ಅದು ಒಪ್ಪುವ ವಾದವೇ. ಇಲ್ಲಿ ಗೊತ್ತಾಗಿರಲಿಲ್ಲ.

ಹಣ ಕೊಟ್ಟವರು ಮೇಜು ಬಿಟ್ಟರು

2007ರ ಮೇ ಚುನಾವಣೆಯಲ್ಲಿ ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಅಲ್ಪಮತದ ಸರ್ಕಾರ ರಚಿಸಿತು. ಟ್ರಾಮ್ ನಿಲ್ಲಿಸುವುದು ಅದರ ನಿಲುವಾಗಿತ್ತು. ಜೂನ್ 27ರಂದು ವಿರೋಧ ಪಕ್ಷಗಳು ಒಟ್ಟಾಗಿ ಸಂಸತ್ತಿನಲ್ಲಿ ಮತ ಹಾಕಿ ಯೋಜನೆಯನ್ನು ಉಳಿಸಿಕೊಂಡವು. ಸೋತ ಸರ್ಕಾರ 50 ಕೋಟಿ ಕೊಡಲು ಒಪ್ಪಿತು. ಅದರ ಮೇಲೆ ಒಂದು ಪೆನ್ನಿಯೂ ಇಲ್ಲ ಎಂದು ಕಡ್ಡಿ ಮುರಿದಂತೆ ಹೇಳಿತು. ಜೊತೆಗೆ ಸರ್ಕಾರದ ಸಾರಿಗೆ ಸಂಸ್ಥೆಯಾದ ಟ್ರಾನ್ಸ್‌ಪೋರ್ಟ್ ಸ್ಕಾಟ್ಲೆಂಡ್ ಯೋಜನೆಯ ಉಸ್ತುವಾರಿಯಿಂದ ಹಿಂದೆ ಸರಿಯಿತು.

ಖರ್ಚಿಗೆ ಮಿತಿ ಹಾಕಿದ್ದನ್ನು ನಾನು ತಪ್ಪು ಎನ್ನುವುದಿಲ್ಲ. ಮಿತಿ ಹಾಕಿ, ಕಾವಲನ್ನೂ ತೆಗೆದದ್ದು ತಪ್ಪು. ದೊಡ್ಡ ಸಾರಿಗೆ ಕಾಮಗಾರಿಗಳ ಅನುಭವ ಇದ್ದ ಎಂಜಿನಿಯರುಗಳು, ಗುತ್ತಿಗೆ ತಜ್ಞರು ಆ ಸಂಸ್ಥೆಯಲ್ಲಿದ್ದರು. ಟೈ ಕಂಪನಿಗೆ ಇಂಥ ಕೆಲಸ ಹೊಸದು. ಕೌನ್ಸಿಲ್ಲಿಗೂ ಹೊಸದು. ಒಟ್ಟು ಹಣದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಕೊಡುತ್ತಿದ್ದವರು ಸಭೆಯಲ್ಲಿ ಕೂರದೆ ಹೋದರು. ಲಾರ್ಡ್ ಹಾರ್ಡಿ ವರದಿಯೂ ಈ ನಿರ್ಧಾರವನ್ನು ಟೀಕಿಸಿದೆ.

ಕೌನ್ಸಿಲ್ಲಿನ ಒಳಗೂ ಒಮ್ಮತ ಇರಲಿಲ್ಲ. ಆಗ ಅಧಿಕಾರದಲ್ಲಿದ್ದದ್ದು ಲಿಬರಲ್ ಡೆಮಾಕ್ರಾಟ್ ಮತ್ತು ನ್ಯಾಷನಲ್ ಪಾರ್ಟಿಗಳ ಮೈತ್ರಿಕೂಟ. ಒಂದು ಪಕ್ಷಕ್ಕೆ ಟ್ರಾಮ್ ಬೇಕು, ಇನ್ನೊಂದಕ್ಕೆ ಬೇಡ. ಇಂಥ ವಾತಾವರಣದಲ್ಲಿ ಕೆಟ್ಟ ಸುದ್ದಿಯನ್ನು ಬೇಗ ಹೇಳುವ ಧೈರ್ಯ ಯಾರಿಗೆ ಬರುತ್ತದೆ?

ರಸ್ತೆ ಕೆಳಗಿನ ಊರು

ಟ್ರಾಮ್ ಹಳಿಯ ಕೆಳಗೆ ನೀರು, ಗ್ಯಾಸ್ ಪೈಪು, ವಿದ್ಯುತ್ ಕೇಬಲ್ ಇರಬಾರದು. ಇದ್ದರೆ ಪ್ರತಿ ರಿಪೇರಿಗೂ ಹಳಿ ಅಗೆದು ಟ್ರಾಮ್ ನಿಲ್ಲಿಸಬೇಕಾಗುತ್ತದೆ. ಆದ್ದರಿಂದ ಮೊದಲು ಇವನ್ನೆಲ್ಲ ಪಕ್ಕಕ್ಕೆ ಸರಿಸಬೇಕು. ಟೈ ಕಂಪನಿ ಈ ಕೆಲಸವನ್ನು ಪ್ರತ್ಯೇಕ ಗುತ್ತಿಗೆಯಾಗಿ ಮೊದಲೇ ಕೊಟ್ಟಿತು. 2007ರ ಜುಲೈನಲ್ಲಿ ಅಗೆತ ಶುರುವಾಯಿತು. ಪೈಪು ಸರಿಸುವವರು ಮುಂದೆ ಮುಂದೆ ಹೋಗುತ್ತಾರೆ, ಹಳಿ ಹಾಕುವವರು ಖಾಲಿಯಾದ ರಸ್ತೆಗೆ ಹಿಂದೆ ಹಿಂದೆ ಬರುತ್ತಾರೆ ಎಂಬ ಲೆಕ್ಕ. ಕೇಳಲು ಚೆನ್ನಾಗಿಯೇ ಇದೆ.

ಕಾಗದದ ಮೇಲೆ ಇರದ ಪೈಪುಗಳು ರಸ್ತೆಯಲ್ಲಿ ಸಿಕ್ಕವು. ದಾಖಲೆಯಲ್ಲಿ ಒಂದು ಕಡೆ ತೋರಿಸಿದ್ದು ಇನ್ನೊಂದು ಕಡೆ ಇತ್ತು. ಹಳೆಯ ಕಟ್ಟಡಗಳ ನೆಲಮಾಳಿಗೆಗಳು ಬೀದಿಯ ಅಡಿಗೂ ಚಾಚಿಕೊಂಡಿದ್ದವು. ಹಳೆಯ ಊರುಗಳಲ್ಲಿ ಇದು ಹೊಸದೇನಲ್ಲ. ಇದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಹಳಿ ಸರಿಯಾಗಿ ಎಲ್ಲಿ ಹಾದುಹೋಗುತ್ತದೆ, ಕಂಬ ಎಲ್ಲಿ ಬರುತ್ತದೆ ಎಂಬ ನಕ್ಷೆಯೇ ಮುಗಿದಿರಲಿಲ್ಲ. ವಿನ್ಯಾಸದ ಗುತ್ತಿಗೆಯನ್ನು 2005ರಲ್ಲೇ ಕೊಟ್ಟಿದ್ದರು. ಬೇಡಿಕೆಗಳು ಬದಲಾಗುತ್ತಿದ್ದವು. ಒಪ್ಪಿಗೆಗಳು ತಡವಾಗುತ್ತಿದ್ದವು. ಎಡಿನ್‌ಬರಾದ ಹಳೆಯ ಮತ್ತು ಹೊಸ ಪಟ್ಟಣ 1995ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಅಲ್ಲಿ ಒಂದು ತಂತಿ ಕಂಬ ನೆಡುವುದಕ್ಕೂ ಚರ್ಚೆ ಬೇಕು. ಹಳಿ ಎಲ್ಲಿ ಎಂದು ಖಚಿತವಾಗದೆ ಪೈಪನ್ನು ಎಲ್ಲಿಗೆ ಸರಿಸುತ್ತೀರಿ?

ಹೀಗೆ ಪೈಪಿನ ಕೆಲಸ ಹಿಂದೆ ಬಿತ್ತು. ಅಷ್ಟರಲ್ಲಿ ಹಳಿಯ ಗುತ್ತಿಗೆದಾರರು ಬಂದು ನಿಂತರು. ಅವರಿಗೆ ಬಿಟ್ಟುಕೊಡಲು ರಸ್ತೆ ಖಾಲಿ ಇರಲಿಲ್ಲ. ಗುತ್ತಿಗೆದಾರ ಕಾಯುವ ಪ್ರತಿ ದಿನಕ್ಕೂ ಯಾರೋ ಒಬ್ಬರು ಹಣ ಕೊಡಬೇಕು.

ಸ್ಥಿರ ಬೆಲೆ ಎಂಬ ಮಾತಿನ ಒಳಗೆ

ಮುಖ್ಯ ಕಾಮಗಾರಿಯ ಗುತ್ತಿಗೆಗೆ 2008ರ ಮೇ 14ರಂದು ಸಹಿ ಆಯಿತು. ಸಿವಿಲ್ ಕೆಲಸಕ್ಕೆ ಜರ್ಮನಿಯ ಬಿಲ್ಫಿಂಗರ್ ಬರ್ಗರ್, ವಿದ್ಯುತ್ ಮತ್ತು ಸಿಗ್ನಲ್‌ಗೆ ಸೀಮೆನ್ಸ್, ಟ್ರಾಮ್ ಬಂಡಿಗಳಿಗೆ ಸ್ಪೇನಿನ ಸಿಎಎಫ್. ಬೆಲೆಯ ಬಹುಪಾಲು ಸ್ಥಿರವಾಗಿದೆ ಎಂದು ಕೌನ್ಸಿಲ್ ಸದಸ್ಯರಿಗೆ ತಿಳಿಸಲಾಗಿತ್ತು. ಆ ಭರವಸೆಯ ಮೇಲೆಯೇ ಅವರು ಒಪ್ಪಿಗೆಯ ಮತ ಹಾಕಿದರು.

ಈಗ ಗುತ್ತಿಗೆಯ ಒಳಗೆ ಹೋಗೋಣ. ಇಡೀ ಪ್ರಕರಣದ ಗಂಟು ಇಲ್ಲಿದೆ.

ಅದರ ನಾಲ್ಕನೇ ಅನುಬಂಧದಲ್ಲಿ ಬೆಲೆ ಬರೆದಿತ್ತು. ಬೆಲೆಯ ಪಕ್ಕದಲ್ಲೇ, ಈ ಬೆಲೆ ನಿಲ್ಲಬೇಕಾದರೆ ಏನೇನು ನಿಜ ಇರಬೇಕು ಎಂಬ ಊಹೆಗಳ ಪಟ್ಟಿಯೂ ಇತ್ತು. ಅದರಲ್ಲಿ ಮುಖ್ಯವಾದದ್ದು ನಕ್ಷೆಯ ಬಗ್ಗೆ. ಬೆಲೆ ಹಾಕಿದ್ದು 2007ರ ನವೆಂಬರ್ 25ರ ತನಕ ಕೊಟ್ಟ ನಕ್ಷೆಗಳ ಮೇಲೆ. ವಿನ್ಯಾಸದ ತತ್ವ, ಆಕಾರ, ರೂಪ ಇವುಗಳಲ್ಲಿ ಯಾವುದು ಆ ನಕ್ಷೆಗಿಂತ ಬದಲಾದರೂ ಅದು ಊಹೆ ತಪ್ಪಿದಂತೆ. ಊಹೆ ತಪ್ಪಿದರೆ ಅದು ತಾನಾಗಿಯೇ ಬದಲಾವಣೆ ಎನಿಸಿಕೊಳ್ಳುತ್ತದೆ. ಬದಲಾವಣೆಗೆ ಬೇರೆ ಹಣ, ಬೇರೆ ಸಮಯ.

ನವೆಂಬರ್ 25ಕ್ಕೂ ಮೇ 14ಕ್ಕೂ ನಡುವೆ ಸುಮಾರು ಆರು ತಿಂಗಳು. ಆ ಆರು ತಿಂಗಳೂ ವಿನ್ಯಾಸಕಾರರು ಕೆಲಸ ಮಾಡುತ್ತಲೇ ಇದ್ದರು, ನಕ್ಷೆಗಳು ಬದಲಾಗುತ್ತಲೇ ಇದ್ದವು. ಸಹಿ ಬೀಳುವ ಹೊತ್ತಿಗೇ ಹಲವು ಊಹೆಗಳು ಸುಳ್ಳಾಗಿದ್ದವು. ಸಹಿಯಾದ ಕೂಡಲೇ ಕೆಲವು ಬದಲಾವಣೆಗಳ ನೋಟಿಸ್ ಬರಬಹುದು ಎಂದು ಅದೇ ಅನುಬಂಧದಲ್ಲಿ ಎರಡೂ ಕಡೆಯವರು ಒಪ್ಪಿ ಬರೆದುಕೊಂಡಿದ್ದರು. ಅದನ್ನು ಓದಿದ ಮೇಲೂ 'ಸ್ಥಿರ ಬೆಲೆ' ಎಂಬ ಮಾತು ಕೌನ್ಸಿಲ್ ಸಭೆಯ ತನಕ ಹಾಗೆಯೇ ಹೋಯಿತು.

ಮನೆ ಕಟ್ಟಿಸಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಪ್ಲಾನ್ ಮುಗಿಯುವ ಮೊದಲೇ ಮೇಸ್ತ್ರಿಗೆ ಇಡೀ ಮನೆಯ ಕೆಲಸ ಒಪ್ಪಿಸಿದರೆ, ಆಮೇಲೆ ಪ್ಲಾನಿನಲ್ಲಿ ಬರುವ ಪ್ರತಿ ಕಿಟಕಿಯೂ 'ಎಕ್ಸ್ಟ್ರಾ' ಆಗುತ್ತದೆ.

ಇನ್ನೊಂದು ಷರತ್ತು ಇದಕ್ಕಿಂತ ಬಿಗಿಯಾಗಿತ್ತು. ಬದಲಾದ ಕೆಲಸಕ್ಕೆ ಎಷ್ಟು ಹಣ ಎಂದು ಇತ್ಯರ್ಥ ಆಗುವ ತನಕ ಅದನ್ನು ಶುರು ಮಾಡುವ ಹಂಗು ತಮಗಿಲ್ಲ ಎಂದು ಗುತ್ತಿಗೆದಾರರು ಪಟ್ಟು ಹಿಡಿದರು. ಒಂದು ಸೇತುವೆಯ ಬಗ್ಗೆ ಜಗಳ ಬಂದರೆ ಆ ಸೇತುವೆ ನಿಲ್ಲುತ್ತದೆ. ಹಣದ ಜಗಳ ಹೀಗೆ ವೇಳಾಪಟ್ಟಿಯನ್ನೂ ಕಟ್ಟಿಹಾಕಿತು.

ಗುತ್ತಿಗೆದಾರರನ್ನು ದೂರುವುದು ಸುಲಭ. ಎಡಿನ್‌ಬರಾದಲ್ಲಿ ಆಗ ಬಹಳ ಜನ ಹಾಗೆ ಮಾಡಿದರು. ನನಗೆ ಅದರಲ್ಲಿ ಪೂರ್ತಿ ಒಪ್ಪಿಗೆ ಇಲ್ಲ. ಅವರು ತಮ್ಮ ಹಿತ ನೋಡಿಕೊಂಡರು. ಸಾರ್ವಜನಿಕರ ಹಣದ ಹಿತ ಕಾಯಬೇಕಾಗಿದ್ದವರು ಮೇಜಿನ ಈ ಕಡೆ ಕೂತಿದ್ದವರು. ಈ ಕಡೆಗೆ ಸ್ವತಂತ್ರ ಕಾನೂನು ಸಲಹೆಯೂ ಇರಲಿಲ್ಲ. ಟೈ ಕಂಪನಿಯ ವಕೀಲರು ಹೇಳಿದ್ದನ್ನೇ ಕೌನ್ಸಿಲ್ ನಂಬಿಕೊಂಡಿತ್ತು. ಕೌನ್ಸಿಲ್ಲಿನ ಒಳಗಿನ ವಕೀಲರಿಗೆ ಅನುಮಾನ ಇತ್ತು, ಆದರೆ ಆ ಅನುಮಾನ ಮತ ಹಾಕುವ ಸದಸ್ಯರ ತನಕ ಬರಲಿಲ್ಲ.

ಪ್ರಿನ್ಸಸ್ ಸ್ಟ್ರೀಟ್

ಜಗಳ ಹೊರಗೆ ಬರಲು ಒಂದು ವರ್ಷವೂ ಬೇಕಾಗಲಿಲ್ಲ. 2009ರ ಫೆಬ್ರವರಿಯಲ್ಲಿ ಊರಿನ ಮುಖ್ಯ ಬೀದಿ ಪ್ರಿನ್ಸಸ್ ಸ್ಟ್ರೀಟ್‌ನಲ್ಲಿ ಹಳಿ ಕೆಲಸ ಶುರುವಾಗಬೇಕಿತ್ತು. ಬಸ್ಸುಗಳನ್ನು ಬೇರೆ ಬೀದಿಗೆ ತಿರುಗಿಸಿ ಆಗಿತ್ತು. ಗುತ್ತಿಗೆದಾರರು ಕೆಲಸ ಶುರು ಮಾಡಲಿಲ್ಲ. ಮಾರ್ಚ್‌ನಲ್ಲಿ ಆ ಬೀದಿಗೆ ಮಾತ್ರ ಪ್ರತ್ಯೇಕ ಒಪ್ಪಂದ ಮಾಡಿಕೊಂಡು ಕೆಲಸ ಶುರು ಮಾಡಿಸಬೇಕಾಯಿತು. ನವೆಂಬರ್‌ನಲ್ಲಿ ಬೀದಿ ತೆರೆಯಿತು. ಹಳಿಯ ಅಂಚಿನ ಡಾಂಬರು ಕಿತ್ತು ಬಂತು. 2011ರಲ್ಲಿ ಬೀದಿಯನ್ನು ಮತ್ತೆ ಮುಚ್ಚಿ ಅಗೆದರು. ಒಂದೇ ಬೀದಿಯನ್ನು ಎಷ್ಟು ಸಲ ಅಗೆಯುತ್ತಾರೆ ಎಂದು ಅಂಗಡಿಯವರು ಕೇಳಿದ್ದು ನ್ಯಾಯವಾದ ಪ್ರಶ್ನೆ.

ಈ ನಡುವೆ ವ್ಯಾಜ್ಯಗಳು ಒಂದರ ಹಿಂದೆ ಒಂದು ಮಧ್ಯಸ್ಥರ ಮುಂದೆ ಹೋದವು. ಗೋಗರ್‌ಬರ್ನ್ ಮತ್ತು ಕ್ಯಾರಿಕ್ ನೋ ಸೇತುವೆಗಳ ಪ್ರಕರಣದಲ್ಲಿ ಪ್ರಶ್ನೆ ನೇರವಾಗಿತ್ತು: ನಕ್ಷೆ ಬೆಳೆದದ್ದು ಮಾಮೂಲಿ ಬೆಳವಣಿಗೆಯೋ, ಹಣ ಕೊಡಬೇಕಾದ ಬದಲಾವಣೆಯೋ? 2009ರ ಕೊನೆಗೆ ಬಂದ ತೀರ್ಪಿನಲ್ಲಿ ಗುತ್ತಿಗೆದಾರರ ಓದು ಮೇಲುಗೈ ಪಡೆಯಿತು. ಆಗಲಾದರೂ ಟೈ ಕಂಪನಿ ನಿಂತು ಲೆಕ್ಕ ಹಾಕಿ, ಕೌನ್ಸಿಲ್ಲಿಗೆ ನಿಜ ಹೇಳಬೇಕಿತ್ತು. ಅದು ಹೋರಾಟವನ್ನೇ ಮುಂದುವರಿಸಿತು.

2010ರ ಕೊನೆಗೆ ಪರಿಸ್ಥಿತಿ ಹೇಗಿತ್ತು ಎಂದು ಸಾರ್ವಜನಿಕ ಹಣದ ಲೆಕ್ಕ ತಪಾಸಣೆ ಮಾಡುವ ಆಡಿಟ್ ಸ್ಕಾಟ್ಲೆಂಡ್ ಸಂಸ್ಥೆಯ ವರದಿ ಹೇಳುತ್ತದೆ. 54.5 ಕೋಟಿಯಲ್ಲಿ 40.2 ಕೋಟಿ ಖರ್ಚಾಗಿತ್ತು. ಹಳಿ ಮತ್ತು ಸೇತುವೆಗಳ ಕೆಲಸ ಆಗಿದ್ದದ್ದು ಶೇ. 28 ಮಾತ್ರ. ಪೂರ್ತಿ ಮಾರ್ಗಕ್ಕೆ ಅಂತ 27 ಟ್ರಾಮ್ ಬಂಡಿಗಳಿಗೆ ಆರ್ಡರ್ ಕೊಟ್ಟಾಗಿತ್ತು. ಒಂದೊಂದೂ ಸುಮಾರು 43 ಮೀಟರ್ ಉದ್ದ, 250 ಜನ ಹಿಡಿಸುವಂಥವು. ಓಡಲು ಹಳಿ ಇಲ್ಲದ ಒಂದು ಬಂಡಿಯನ್ನು ಪ್ರಿನ್ಸಸ್ ಸ್ಟ್ರೀಟ್‌ನಲ್ಲಿ ಜನ ನೋಡಲಿ ಎಂದು ನಿಲ್ಲಿಸಿದ್ದರು.

2011ರ ಮಾರ್ಚ್‌ನಲ್ಲಿ ಮಾರ್ ಹಾಲ್ ಎಂಬ ಹೋಟೆಲಿನಲ್ಲಿ ಎರಡೂ ಕಡೆಯವರು ಕೂತು ರಾಜಿಗೆ ಬಂದರು. ಟೈ ಕಂಪನಿಯನ್ನು ಮುಚ್ಚಿದರು. ಹೊರಗಿನ ಪರಿಣತ ಸಂಸ್ಥೆಯೊಂದು ಉಸ್ತುವಾರಿಗೆ ಬಂತು. ಆಮೇಲೆ ಕೆಲಸ ಹೊಸ ವೇಳಾಪಟ್ಟಿಯಂತೆ ನಡೆಯಿತು. ಹೇಗಿದ್ದರೂ ಬೆಲೆ 77.6 ಕೋಟಿಗೆ ಏರಿತ್ತು, ಅದೂ ಲೀತ್ ಭಾಗವನ್ನು ಬಿಟ್ಟು.

ಹೆಚ್ಚುವರಿ 23.1 ಕೋಟಿ ಎಲ್ಲಿಂದ? ಸರ್ಕಾರ ತನ್ನ ಮಾತಿಗೆ ಅಂಟಿಕೊಂಡಿತ್ತು. ಕೌನ್ಸಿಲ್ ಸಾಲ ಮಾಡಿತು, 30 ವರ್ಷಕ್ಕೆ. ಬಡ್ಡಿ ಸೇರಿದರೆ ಯೋಜನೆಯ ಒಟ್ಟು ಖರ್ಚು 100 ಕೋಟಿ ಪೌಂಡ್ ದಾಟುತ್ತದೆ ಎಂದು ಆಗಲೇ ಲೆಕ್ಕ ಬಂತು. ಮೊದಲ ಯೋಜನೆಯಲ್ಲಿ 4.5 ಕೋಟಿ ಹಾಕಬೇಕಿದ್ದ ಕೌನ್ಸಿಲ್ ಮೇಲೆ ಕೊನೆಗೆ ಈ ಸಾಲ, ಬಡ್ಡಿಯ ಹೊರೆಯೂ ಬಿತ್ತು. ಮಿತಿ ಹಾಕಿದ್ದರಿಂದ ಖರ್ಚೇನೂ ಕಡಿಮೆಯಾಗಲಿಲ್ಲ. ಅದು ಎಡಿನ್‌ಬರಾದ ತೆರಿಗೆದಾರರ ತಲೆ ಮೇಲೆ ಬಂತು, ಅಷ್ಟೇ.

ಅದೇ ಆಗಸ್ಟ್ 25ರಂದು ಇನ್ನೊಂದು ತಿರುವು. ಸಾಲಕ್ಕೆ ಹೆದರಿದ ಕೌನ್ಸಿಲ್ ಟ್ರಾಮನ್ನು ಹೇಮಾರ್ಕೆಟ್‌ನಲ್ಲೇ ನಿಲ್ಲಿಸಲು ಮತ ಹಾಕಿತು. ಹೇಮಾರ್ಕೆಟ್ ಊರಿನ ನಡುಭಾಗಕ್ಕಿಂತ ಮುಂಚೆಯೇ ಸಿಗುವ ರೈಲು ನಿಲ್ದಾಣ. ಅಲ್ಲಿಗೆ ನಿಂತರೆ ಟ್ರಾಮ್ ವರ್ಷ ವರ್ಷ ನಷ್ಟದಲ್ಲೇ ಓಡುತ್ತದೆ ಎಂದು ಅಧಿಕಾರಿಗಳೇ ಹೇಳಿದ್ದರು. ಸರ್ಕಾರ ಉಳಿದ 7.2 ಕೋಟಿ ಅನುದಾನ ತಡೆಹಿಡಿಯುವುದಾಗಿ ಎಚ್ಚರಿಸಿತು. ಸೆಪ್ಟೆಂಬರ್ 2ಕ್ಕೆ ಕೌನ್ಸಿಲ್ ನಿರ್ಧಾರ ಬದಲಿಸಿ, ನಡುಭಾಗದಲ್ಲಿ ಯಾರ್ಕ್ ಪ್ಲೇಸ್ ಪಕ್ಕದ ಸೇಂಟ್ ಆಂಡ್ರ್ಯೂ ಸ್ಕ್ವೇರ್ ತನಕ ಎಂದಿತು. ಹಣ ಉಳಿಸುವ ಭರದಲ್ಲಿ ಜನ ಹತ್ತುವ ಜಾಗವನ್ನೇ ಕತ್ತರಿಸಿದರೆ ಉಳಿತಾಯ ಎಲ್ಲಿ ಬಂತು? ಆ ಎಂಟು ದಿನದ ಗೊಂದಲ ಸರಿಯಾದ ಕಡೆಗೇ ಮುಗಿಯಿತು ಎಂದು ನನ್ನ ಅಭಿಪ್ರಾಯ.

ವಿಚಾರಣೆ

ಟ್ರಾಮ್ ಓಡಲು ಶುರುವಾದ ಮರು ತಿಂಗಳೇ ವಿಚಾರಣೆ ಘೋಷಣೆಯಾಯಿತು. ವರದಿ ಬಂದದ್ದು 2023ರ ಸೆಪ್ಟೆಂಬರ್ 19ಕ್ಕೆ. ವಿಚಾರಣೆಗೇ 1.3 ಕೋಟಿ ಪೌಂಡ್ ಹಿಡಿಯಿತು. ಹಾರ್ಡಿ ಅವರು ಟೈ ಕಂಪನಿ, ನಗರ ಕೌನ್ಸಿಲ್ ಮತ್ತು ಸ್ಕಾಟಿಷ್ ಸಚಿವರು, ಮೂವರನ್ನೂ ಹೊಣೆ ಮಾಡಿದರು. 24 ಶಿಫಾರಸು ಕೊಟ್ಟರು. ಸದಸ್ಯರಿಗೆ ತಪ್ಪು ಮಾಹಿತಿ ಹೋಗಿತ್ತು ಎಂಬುದು ಅವರು ಒತ್ತಿ ಹೇಳಿದ ಅಂಶಗಳಲ್ಲಿ ಒಂದು. ಇಷ್ಟು ತಡವಾಗಿ ಬಂದ ವರದಿಯಿಂದ ಕಲಿಯಬೇಕಾಗಿದ್ದ ಮುಂದಿನ ಕಾಮಗಾರಿ ಆಗಲೇ ಮುಗಿದಿತ್ತು. ಆ ಕಾಮಗಾರಿಯವರು ತಾವಾಗಿಯೇ ಕಲಿತಿದ್ದರು ಎಂಬುದು ಸಮಾಧಾನ.

ಅದೇ ರಸ್ತೆ, ಎರಡನೇ ಸಲ

ಯಾರ್ಕ್ ಪ್ಲೇಸ್‌ನಿಂದ ಲೀತ್ ವಾಕ್ ಹಿಡಿದು ನ್ಯೂಹೇವನ್‌ಗೆ ಹೋಗುವ 4.69 ಕಿ.ಮೀ. ತುಂಡಿಗೆ ಕೌನ್ಸಿಲ್ 2019ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿತು. ವಿಚಾರಣೆ ಮುಗಿಯುವ ತನಕ ತಡೆಯಿರಿ ಎಂದವರಿದ್ದರು. ಕೌನ್ಸಿಲ್ ಕಾಯಲಿಲ್ಲ.

ಇಲ್ಲಿ ಮೊದಲು ನೋಡಬೇಕಾದದ್ದು ಅಂದಾಜು ಯಾವಾಗ ಏರಿತು ಎಂಬುದು. 2017ರ ಹೊತ್ತಿಗೆ ಸುಮಾರು 16.5 ಕೋಟಿ ಪೌಂಡ್ ಎಂದಿದ್ದರು. ಟೆಂಡರ್‌ಗಳು ಬಂದ ಮೇಲೆ, ಅಪಾಯಗಳಿಗೆ ಮೀಸಲು ಸೇರಿಸಿ, 20.73 ಕೋಟಿ ಎಂದರು. ಏರಿಕೆ ಒಪ್ಪಿಗೆಗೆ ಮೊದಲೇ ಬಂತು. ಸದಸ್ಯರು ದೊಡ್ಡ ಅಂಕಿಯನ್ನು ಕಣ್ಣಾರೆ ನೋಡಿ ಮತ ಹಾಕಿದರು. ಗುತ್ತಿಗೆ ಕೊಟ್ಟ ಮೇಲೂ ಕೂಡಲೇ ಗುದ್ದಲಿ ಹಿಡಿಯಲಿಲ್ಲ. ಗುತ್ತಿಗೆದಾರರನ್ನು ಜೊತೆಗೆ ಕೂರಿಸಿಕೊಂಡು ಕೆಲವು ತಿಂಗಳು ನಕ್ಷೆ ಮತ್ತು ಕೆಲಸದ ಕ್ರಮವನ್ನು ತಿದ್ದಿದರು. ಆಮೇಲೆ ಕೆಲಸ ಶುರು.

ಅಗೆಯುವ ಕ್ರಮವೂ ಬದಲಾಯಿತು. ರಸ್ತೆಯ ಒಂದು ದೊಡ್ಡ ಭಾಗವನ್ನು ಒಮ್ಮೆ ಮುಚ್ಚುವುದು. ಅಲ್ಲಿ ಪೈಪು ಸರಿಸಿ, ಹಳಿ ಹಾಕಿ, ಪಾದಚಾರಿ ದಾರಿ ಮುಗಿಸಿ, ತೆರೆದುಕೊಡುವುದು. ಮತ್ತೆ ಆ ಜಾಗಕ್ಕೆ ಬರಬಾರದು. ಮುಚ್ಚಿದಷ್ಟು ದಿನ ಅಂಗಡಿಯವರಿಗೆ ತೊಂದರೆ ಇದ್ದೇ ಇತ್ತು. ಅವರಿಗೆ ನೆರವಿನ ಯೋಜನೆಯನ್ನೂ ಮೊದಲೇ ಬಜೆಟ್‌ನಲ್ಲಿ ಇಟ್ಟಿದ್ದರು. ಕಾನ್‌ಸ್ಟಿಟ್ಯೂಷನ್ ಸ್ಟ್ರೀಟ್‌ನಲ್ಲಿ ದಕ್ಷಿಣ ಲೀತ್ ಚರ್ಚಿನ ಹತ್ತಿರ ಅಗೆದಾಗ ಹಳೆಯ ಸ್ಮಶಾನ ಸಿಕ್ಕಿತು. ಕ್ರಿ.ಶ. 1300ರಿಂದ 1650ರ ನಡುವಿನ 360ಕ್ಕೂ ಹೆಚ್ಚು ಜನರ ಅವಶೇಷಗಳನ್ನು ಪುರಾತತ್ವ ತಜ್ಞರು ಜೋಪಾನವಾಗಿ ಎತ್ತಿದರು. ಅಲ್ಲಿ ಸಮಾಧಿಗಳಿರಬಹುದು ಎಂದು ಗೊತ್ತಿತ್ತು, ಆ ಕೆಲಸಕ್ಕೂ ಸಮಯ ಇಟ್ಟಿದ್ದರು. 2020ರಲ್ಲಿ ಕೋವಿಡ್ ಬಂದು ಕಾಮಗಾರಿ ನಿಂತಿತು. ಇಷ್ಟಾದರೂ 2023ರ ಜೂನ್ 7ಕ್ಕೆ ಟ್ರಾಮ್ ನ್ಯೂಹೇವನ್ ತಲುಪಿತು, 20.73 ಕೋಟಿಯ ಒಳಗೆ.

ಹಣದ ದಾರಿಯೂ ಬೇರೆ. ಸರ್ಕಾರದ ಅನುದಾನ ಇಲ್ಲ. ಕೌನ್ಸಿಲ್ ಸಾಲ ಎತ್ತಿ, ಮುಂದೆ ಬರುವ ಟಿಕೆಟ್ ಹಣದಿಂದ ತೀರಿಸುವ ಲೆಕ್ಕ. ಮೊದಲ ಮಾರ್ಗದಲ್ಲಿ ನಿಜವಾಗಿ ಎಷ್ಟು ಜನ ಹತ್ತುತ್ತಾರೆ ಎಂಬ ಅನುಭವ ಕೈಯಲ್ಲಿ ಇದ್ದದ್ದರಿಂದ ಇದು ಸಾಧ್ಯವಾಯಿತು. ಮೊದಲ ವರ್ಷ ಸುಮಾರು 50 ಲಕ್ಷ ಪ್ರಯಾಣ ಇದ್ದದ್ದು, ಕೋವಿಡ್‌ಗೆ ಮೊದಲೇ 70 ಲಕ್ಷ ದಾಟಿತ್ತು. ನ್ಯೂಹೇವನ್ ತನಕ ತೆರೆದ ಮೇಲೆ 2024ರಲ್ಲಿ ಸುಮಾರು 1.2 ಕೋಟಿ ಮುಟ್ಟಿತು.

ಆದರೆ ಎರಡನೇ ಸಲದ ಗೆಲುವನ್ನು ಅಳೆಯುವಾಗ ಒಂದು ಎಚ್ಚರ ಬೇಕು. ಬಂಡಿಗಳು, ಡಿಪೋ, ನಿಯಂತ್ರಣ ಕೊಠಡಿ ಮೊದಲೇ ಇದ್ದವು. ಮೊದಲ ಸಲ ಅತಿಯಾಗಿ ಕೊಂಡಿದ್ದ ಬಂಡಿಗಳೇ ಈಗ ಕೆಲಸಕ್ಕೆ ಬಂದವು. ಲೀತ್ ವಾಕ್‌ನ ಕೆಲವು ಪೈಪುಗಳನ್ನೂ ಆಗಲೇ ಸರಿಸಿದ್ದರು. ಇಷ್ಟಿದ್ದೂ ಕಿಲೋಮೀಟರಿಗೆ ಸುಮಾರು 4.4 ಕೋಟಿ ಪೌಂಡ್ ಬಿತ್ತು. ಮೊದಲ ಯೋಜನೆ ಲೆಕ್ಕ ಹಾಕಿದ್ದು ಬಂಡಿ, ಡಿಪೋ ಎಲ್ಲ ಸೇರಿ ಕಿಲೋಮೀಟರಿಗೆ 3 ಕೋಟಿಗಿಂತ ಕಡಿಮೆ! ಬೆಲೆಗಳು ಏರಿದ್ದನ್ನು ಕಳೆದರೂ, ಆ 54.5 ಕೋಟಿಯಲ್ಲಿ 18.5 ಕಿ.ಮೀ. ಎಂಬುದು ಯಾವತ್ತೂ ಸಾಧ್ಯವಿರಲಿಲ್ಲ ಎಂದೇ ನನಗೆ ಅನಿಸುತ್ತದೆ. ಟೈ ಕಂಪನಿ ಎಷ್ಟೇ ಚೆನ್ನಾಗಿ ನಡೆಸಿದ್ದರೂ ಖರ್ಚು ಹೆಚ್ಚೇ ಆಗುತ್ತಿತ್ತು. ತಡ, ವ್ಯಾಜ್ಯ, ಮತ್ತೆ ಮತ್ತೆ ಅಗೆತ ಇವುಗಳನ್ನು ಮಾತ್ರ ತಪ್ಪಿಸಬಹುದಿತ್ತು.

ಈಗ ಗ್ರ್ಯಾಂಟನ್ ಮಾರ್ಗ ಮತ್ತೆ ಚರ್ಚೆಗೆ ಬಂದಿದೆ. 2009ರಲ್ಲಿ ಕೈಬಿಟ್ಟ ಅದೇ ತುಂಡು, ಜೊತೆಗೆ ಆಗ್ನೇಯದ ಆಸ್ಪತ್ರೆ ಪ್ರದೇಶಕ್ಕೆ ಹೋಗುವ ಇನ್ನೊಂದು. ರೋಸ್‌ಬರ್ನ್‌ನ ಹಳೆಯ ರೈಲು ದಾರಿಯಲ್ಲಿ ಜನ ನಡೆಯುತ್ತಾರೆ, ಸೈಕಲ್ ಓಡಿಸುತ್ತಾರೆ. ಮರಗಳು ಬೆಳೆದಿವೆ. ಅದನ್ನು ಬಿಡುವುದಿಲ್ಲ ಎನ್ನುವವರಿದ್ದಾರೆ. ಇನ್ನೊಂದು ದಾರಿ ಆರ್ಚರ್ಡ್ ಬ್ರೇ ರಸ್ತೆಯ ಮೇಲೆ ಹಾದುಹೋಗುತ್ತದೆ. ಯಾವ ದಾರಿ ಎಂಬ ಚರ್ಚೆಯೇ ಈಗ ಜೋರಾಗಿದೆ. ಹಣ ಯಾರದು, ಅಂದಾಜು ಮೀರಿದರೆ ಹೊರುವವರು ಯಾರು ಎಂಬುದು ಇನ್ನೂ ಇತ್ಯರ್ಥವಾಗಬೇಕು. ಅಲ್ಲಿನ ಮತದಾರನಾಗಿದ್ದರೆ ನಾನು ಮೊದಲು ಕೇಳುವುದು ದಾರಿಯ ಬಗ್ಗೆ ಅಲ್ಲ. ಬೆಲೆಗೆ ಸಹಿ ಹಾಕುವ ದಿನ ನಕ್ಷೆಗಳು ಎಷ್ಟು ಮುಗಿದಿರುತ್ತವೆ, ಗುತ್ತಿಗೆಯ ಊಹೆಗಳ ಪಟ್ಟಿಯನ್ನು ಸದಸ್ಯರು ಮತ ಹಾಕುವ ಮೊದಲು ಓದುತ್ತಾರೆಯೇ ಎಂದು ಕೇಳುತ್ತೇನೆ.